ಬೂದಿಯ ಮೇಲಿನ ಬಲಗಾಲು

ಹೇಳಿಕೆ ಕೊಡುವವರು: ನಿಕಾಸಿಯಾ ಪೌಕಾರ್, ವಯಸ್ಸು 61 ವರ್ಷ, ಕಸುಬು ಸಂತೆಯಲ್ಲಿ ಸಾರು ಮಾರುವುದು ಮತ್ತು ಸಾವಿನ ಮನೆಗಳಲ್ಲಿ ಅಡುಗೆ, ವಾಸ ಮೇಲಿನ ಕೇರಿ, ಪುಕಾರುಮಿ ಗ್ರಾಮ, ಅಪುರಿಮಾಕ್ ಪ್ರಾಂತ, ಪೆರು ದೇಶ.

ಈ ದಿನ ತಾರೀಕು 16-03-2019 ಶನಿವಾರ ಬೆಳಿಗ್ಗೆ 7-50 ಗಂಟೆಗೆ, ಯಾರೂ ಕರೆಯದೆ, ಯಾರೂ ಹೆದರಿಸದೆ, ನಾನಾಗಿಯೇ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ಒಬ್ಬಳೇ ವಾಸವಾಗಿರುತ್ತೇನೆ. ಓದು ಬರಹ ಬರುವುದಿಲ್ಲ. ನಮ್ಮ ಊರಿಗೂ ಠಾಣೆಗೂ 22 ಕಿಲೋಮೀಟರ್ ಇದ್ದು, ಬೆಳಿಗ್ಗೆ 6 ಗಂಟೆಯ ವ್ಯಾನಿನಲ್ಲಿ ಆಲೂಗಡ್ಡೆ ಮೂಟೆಗಳ ಮೇಲೆ ಕುಳಿತು ಬಂದಿರುತ್ತೇನೆ. ತಾರೀಕು 13ರಂದು ಬುಧವಾರ ಸಂಜೆ ನಮ್ಮೂರಿನ ಎಲುಟೇರಿಯೊ, ವಯಸ್ಸು 39, ಎಂಬವನ ಬಲಗಾಲಿನ ಮೇಲೆ ಅವನ ಅಕ್ಕ ಬೆನಿಲ್ಡಾ, ವಯಸ್ಸು 46, ಎಂಬವಳು ಕುದಿಯುವ ಸಾರು ಸುರಿದ ವಿಚಾರ ಈ ಠಾಣೆಯಲ್ಲಿ ದಾಖಲಾಗಿದೆ. ಕಾರಣ ಎಂಬಲ್ಲಿ ಆಸ್ತಿ ಜಗಳ ಎಂದು ಬರೆದಿದ್ದಾರೆಂದು ಕೇಳಿದೆ. ಅದು ತಪ್ಪು. ಕಾರಣ ನಾನು. ಅದನ್ನು ಹೇಳುವುದಕ್ಕೇ ಬಂದಿದ್ದೇನೆ.

ನಾಳೆ ಭಾನುವಾರ ಗ್ರಾಮಸಭೆಯಲ್ಲಿ ಹೊಲವನ್ನು ಎಲುಟೇರಿಯೊನ ಹೆಸರಿಗೆ ಮಾಡುತ್ತಾರೆ. ನಾಡಿದ್ದು ಸೋಮವಾರ ಬೆನಿಲ್ಡಾಳನ್ನು ಪಟ್ಟಣದ ಸರ್ಕಾರಿ ವಕೀಲರ ಮುಂದೆ ಹಾಜರುಪಡಿಸುತ್ತಾರೆ. ಆದ್ದರಿಂದ ಈ ಹೇಳಿಕೆ ಇವತ್ತೇ ಆಗಬೇಕು. ಊಟದ ವಿಷಯ ಬಿಟ್ಟು ಘಟನೆ ಮಾತ್ರ ಹೇಳಿ ಎಂದು ಬರೆದುಕೊಳ್ಳುತ್ತಿರುವ ಅಧಿಕಾರಿಗಳು ಎರಡು ಸಲ ತಿಳಿಸಿದರು. ಊಟ ಬಿಟ್ಟರೆ ಘಟನೆಯೇ ಇಲ್ಲ ಎಂದು ನಾನು ತಿಳಿಸಿದೆ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕೆಂದೂ ಕೇಳಿಕೊಂಡಿದ್ದೇನೆ.

ಬೆನಿಲ್ಡಾ ಮತ್ತು ಎಲುಟೇರಿಯೊ ಇವರ ತಾಯಿ ಡಾಮಿಯಾನಾ ಸುಲ್ಕಾ, ವಯಸ್ಸು 79, ತಾರೀಕು 9 ಶನಿವಾರ ಬೆಳಗಿನ ಜಾವ ತೀರಿಕೊಂಡಳು. ನಾನು ಅವಳನ್ನು ನಲವತ್ತು ವರ್ಷದಿಂದ ಬಲ್ಲೆ. ಎಲುಟೇರಿಯೊನಿಗೆ ಜ್ಞಾನಸ್ನಾನ ಮಾಡಿಸುವಾಗ ಅವನನ್ನು ಎತ್ತಿಕೊಂಡವಳು ನಾನೇ. ಹಾಗಾಗಿ ಅವನಿಗೆ ನಾನು ಜ್ಞಾನತಾಯಿ. ಅವನು ಗಣಿ ಊರಿನಲ್ಲಿ ಲಾರಿ ಓಡಿಸುತ್ತಾನೆ. ವರ್ಷಕ್ಕೊಮ್ಮೆ ಬರುತ್ತಿದ್ದವನು ಕಳೆದ ನಾಲ್ಕು ವರ್ಷ ಬರಲಿಲ್ಲ. ಬೆನಿಲ್ಡಾ ಹನ್ನೊಂದು ವರ್ಷ ತಾಯಿಯ ಜೊತೆಗೇ ಇದ್ದಳು. ಕೊನೆಯ ಮೂರು ವರ್ಷ ಡಾಮಿಯಾನಾ ಹಾಸಿಗೆಯಿಂದ ಏಳಲಿಲ್ಲ. ಎತ್ತಿ ಕೂರಿಸುವುದು, ಬೆನ್ನಿನ ಹುಣ್ಣು ಒರೆಸುವುದು, ದಿನಾ ಬಿಸಿನೀರಿನಲ್ಲಿ ಕಾಲು ತೊಳೆಯುವುದು ಎಲ್ಲವನ್ನೂ ಬೆನಿಲ್ಡಾಳೇ ಮಾಡಿದಳು. ಇದನ್ನು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಡಾಮಿಯಾನಾಳಿಗೆ ಎರಡು ಹೊಲ. ಮೇಲಿನದು ಬರೀ ಕಲ್ಲು. ಅದನ್ನು ಕತ್ತೆಗಳೂ ಸುತ್ತಿಬಳಸಿ ಹೋಗುತ್ತವೆ. ಕೆಳಗಿನದು ಚಿಲುಮೆಯ ಪಕ್ಕದ್ದು, ವರ್ಷವೆಲ್ಲ ನೀರು, ಎರಡು ಬೆಳೆ. ಕಾಗದ ಪತ್ರ ಏನೂ ಮಾಡಿರಲಿಲ್ಲ. ಕೆಳಗಿನ ಹೊಲ ನಿನಗೇ ಎಂದು ಅವ್ವ ಹಾಸಿಗೆಯಲ್ಲಿ ಹೇಳಿದಳು ಎಂದು ಬೆನಿಲ್ಡಾ ಹೇಳುತ್ತಾಳೆ. ಅದೇ ಮಾತನ್ನು ತನಗೆ ಫೋನಿನಲ್ಲಿ ಹೇಳಿದಳು ಎಂದು ಎಲುಟೇರಿಯೊ ಹೇಳುತ್ತಾನೆ. ಡಾಮಿಯಾನಾಳನ್ನು ಬಲ್ಲ ನಾನು ಹೇಳುವುದಾದರೆ, ಇಬ್ಬರಿಗೂ ಹೇಳಿರುತ್ತಾಳೆ. ಎದುರಿಗೆ ಇರುವವರಿಗೆ ಇಲ್ಲ ಎನ್ನುವ ಬಾಯಿ ಅವಳಿಗೆ ಇರಲಿಲ್ಲ.

ಬರೆದುಕೊಳ್ಳುತ್ತಿರುವ ಅಧಿಕಾರಿಗಳು ಕರಾವಳಿಯ ಕಡೆಯವರಾದ್ದರಿಂದ ನಮ್ಮ ಐದನೇ ದಿನದ ವಿಚಾರ ಹೇಳಬೇಕಾಗಿದೆ. ಸತ್ತ ಐದನೇ ದಿನ ಮನೆಯವರೂ ಊರವರೂ ಸೇರಿ ಸತ್ತವರ ಬಟ್ಟೆ, ಕಂಬಳಿ, ಚಪ್ಪಲಿ ಎಲ್ಲವನ್ನೂ ಹೊಳೆಗೆ ಒಯ್ದು ಒಗೆಯುತ್ತಾರೆ. ಹೋಗುವ ಮೊದಲು ಸತ್ತವರು ಮಲಗುತ್ತಿದ್ದ ಕೋಣೆಯ ನೆಲಕ್ಕೆ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಹರಡಿ, ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಹೊರಡುತ್ತಾರೆ. ಮನೆ ಖಾಲಿ ಇದ್ದಾಗ ಸತ್ತವರು ಕೊನೆಯ ಸಲ ಬಂದು ಹೋಗುತ್ತಾರೆ. ಹೊಳೆಯಿಂದ ವಾಪಸು ಬಂದವರು ಬೂದಿಯ ಮೇಲಿನ ಗುರುತು ನೋಡುತ್ತಾರೆ, ಆಮೇಲೆ ಎಲ್ಲರಿಗೂ ಊಟ. ಸತ್ತವರಿಗೂ ಒಂದು ಬಟ್ಟಲು ಇರುತ್ತದೆ. ಅವರಿಗೆ ಇಷ್ಟವಾದದ್ದನ್ನು ಉಪ್ಪು ಹಾಕದೆ ಮಾಡಿ, ಬೂದಿ ಹರಡುವುದಕ್ಕೆ ಮೊದಲೇ ಕೋಣೆಯ ಮೇಜಿನ ಮೇಲೆ ಇಡಬೇಕು. ಇಡುವುದು ಅಡುಗೆಯವಳ ಕೆಲಸ. ಆ ದಿನ ಅಡುಗೆಯವಳು ನಾನು.

ತಾರೀಕು 13ರಂದು ಬೆಳಿಗ್ಗೆ 5 ಗಂಟೆಗೆ ಒಲೆ ಹಚ್ಚಿದೆ. ಎರಡು ಕುರಿ, ಒಂದು ಮೂಟೆ ಆಲೂಗಡ್ಡೆ, ಸಿಪ್ಪೆ ತೆಗೆದ ಮೆಕ್ಕೆಜೋಳ ಎರಡು ಹಂಡೆ, ಚಟ್ನಿಗೆ ಖಾರದ ಮೆಣಸಿನಕಾಯಿ. 7 ಗಂಟೆಗೆ ಡಾಮಿಯಾನಾಳ ಪಾಲಿನ ಗಂಜಿ ಮಾಡಿದೆ. ಹಸಿ ಮೆಕ್ಕೆಜೋಳ ಅರೆದು, ಹಾಲು ಹಾಕಿ, ಒಂದು ಕಡ್ಡಿ ಪರಿಮಳದ ಸೊಪ್ಪು ಮುರಿದು ಹಾಕಿದ್ದು. ಅವಳಿಗೆ ಅದೆಂದರೆ ಪ್ರಾಣ. ಸಾಯುವ ಹಿಂದಿನ ವಾರವೂ ಎರಡು ಚಮಚ ಕುಡಿದಿದ್ದಳು. ಅದನ್ನು ಮಣ್ಣಿನ ಬಟ್ಟಲಿಗೆ ಹಾಕಿ, ತಟ್ಟೆ ಮುಚ್ಚಿ, ಅಡುಗೆಮನೆಯ ಗೂಡಿನಲ್ಲಿ ಇಟ್ಟೆ.

8-30ಕ್ಕೆ ಜನ ಸೇರಿ ಬೆಳಗಿನ ಸಾರು ಕುಡಿಯುವಾಗ ಅಂಗಳದಲ್ಲಿ ಜಗಳ ಶುರುವಾಯಿತು. ಮೂವತ್ತೊಂದು ಜನ ಇದ್ದರು. ಚಪ್ಪರದ ಕೆಳಗೆ ಕುಳಿತಿದ್ದ ಎಲುಟೇರಿಯೊ ಕೆಳಗಿನ ಹೊಲದ ಮಾತು ಎತ್ತಿದ.

"ಅಕ್ಕ, ಅವ್ವ ನಂಗೆ ಬಾಯಿಬಿಟ್ಟು ಹೇಳವ್ಳೆ. ಫೋನಲ್ಲಿ. ನೀರಿನ ಹೊಲ ನಿಂದು ಕಣಪ್ಪ ಅಂತ."

"ಯಾವಾಗ? ನಾಲ್ಕು ವರ್ಷದಲ್ಲಿ ನೀನು ಫೋನ್ ಮಾಡಿದ್ದು ಮೂರು ಸಲ. ಆ ಫೋನನ್ನ ಅವ್ವನ ಕಿವಿಗೆ ಹಿಡಿದೋಳು ನಾನು. ಆರೋಗ್ಯ ಹೆಂಗಿದೆ ಅಂದೆ, ಸಿಗ್ನಲ್ ಇಲ್ಲ ಅಂದೆ, ಇಟ್ಟೆ. ಹೊಲ ಯಾವ ಸಂದೀಲಿ ಕೊಟ್ಲು?"

ಜನ ನಕ್ಕರು. ಅವನಿಗೆ ಅವಮಾನವಾಯಿತು. ಹಾಗಾದರೆ ನಿನಗೆ ಕೊಟ್ಟಿದ್ದಕ್ಕೆ ಯಾರು ಸಾಕ್ಷಿ, ಹಾಸಿಗೆಯೋ ದಿಂಬೋ ಎಂದು ಅವನು ಕೇಳಿದ. ಆಗ ನಮ್ಮೂರಿನಲ್ಲಿ ಬೂದಿ ನೋಡುವ ಮೆಲಿಟೋನ್ ಎಂಬ ಮುದುಕ, ವಯಸ್ಸು 77, ನಡುವೆ ಬಾಯಿ ಹಾಕಿದ. ಈ ಮನುಷ್ಯನಿಗೆ ತನ್ನ ಬಟ್ಟಲಿನ ಸಾರಿನಲ್ಲಿರುವ ಆಲೂಗಡ್ಡೆ ಕಾಣುವುದಿಲ್ಲ, ಬೆರಳು ಹಾಕಿ ಹುಡುಕುತ್ತಾನೆ. ಆದರೂ ಬೂದಿಗೆ ಅವನೇ ಬೇಕು.

"ಇಬ್ಬರೂ ಯಾಕ್ರಪ್ಪ ಗಂಟಲು ಹರ್ಕೋತೀರ? ಹೇಳಿದೋಳು ಇವತ್ತು ಮನೆಗೆ ಬರ್ತಾಳಲ್ಲ, ಅವಳನ್ನೇ ಕೇಳಿ. ಆ ಕಡೆ ಒಬ್ರು, ಈ ಕಡೆ ಒಬ್ರು ನಿಮ್ಮ ನಿಮ್ಮದು ಏನಾದ್ರೂ ಇಡಿ. ಯಾರ ಕಡೆ ಕಾಲು ತಿರುಗಿಸ್ತಾಳೋ ಅವರದು ಹೊಲ."

ಇದಕ್ಕೆ ಮೊದಲು ಒಪ್ಪಿದವಳು ಬೆನಿಲ್ಡಾ. ಇದನ್ನು ದಯವಿಟ್ಟು ಸರಿಯಾಗಿ ಬರೆದುಕೊಳ್ಳಬೇಕು. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ಆಗ್ಲಿ ತಾತ. ಅವ್ವನೇ ಹೇಳ್ಲಿ" ಎಂದಳು. ಅವಳ ಮುಖದಲ್ಲಿ ನಗು ಇತ್ತು. ಎಲುಟೇರಿಯೊ ಎಲ್ಲರ ಮುಖ ನೋಡಿ, ಬೇರೆ ದಾರಿ ಕಾಣದೆ ಒಪ್ಪಿದ. ಅವನಿಗೆ ಸೋಲುತ್ತೇನೆ ಎಂದು ಗೊತ್ತಿತ್ತು ಎಂದು ನನಗೆ ಅನ್ನಿಸಿತು.

ಡಾಮಿಯಾನಾಳ ಕೋಣೆ ಅಡುಗೆಮನೆಯಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿದೆ. ಒಳಗೆ ಎಡಗೋಡೆಗೆ ಅಂಟಿಕೊಂಡು ಮಣ್ಣಿನ ಕಟ್ಟೆ, ಎದುರು ಗೋಡೆಯ ನಡುವೆ ಸಣ್ಣ ಮೇಜು, ಮೇಜಿನ ಮೇಲೆ ಮೇಣದಬತ್ತಿ ಮತ್ತು ಡಾಮಿಯಾನಾಳ ಟೊಪ್ಪಿ. ಮೇಜಿನ ಎಡಕ್ಕೆ ಗೋಡೆಯ ಬುಡದಲ್ಲಿ ಎಲುಟೇರಿಯೊ ತನ್ನ ಹ್ಯಾಟು ಇಟ್ಟ. ಬಲಕ್ಕೆ ಬೆನಿಲ್ಡಾ ತನ್ನ ಶಾಲು ಮಡಚಿ ಇಟ್ಟಳು. ತಾಯಿಯನ್ನು ಬೆನ್ನಿಗೆ ಕಟ್ಟಿಕೊಂಡು ಆರೋಗ್ಯ ಕೇಂದ್ರಕ್ಕೆ ಹೊರುತ್ತಿದ್ದದ್ದು ಅದೇ ಶಾಲಿನಲ್ಲಿ. 10-15ಕ್ಕೆ ಮೆಲಿಟೋನ್ ಬೂದಿ ಹರಡುತ್ತ ಹಿಮ್ಮುಖವಾಗಿ ಬಾಗಿಲಿಗೆ ಬಂದ. 10-30ಕ್ಕೆ ಎಲ್ಲರೂ ಬಟ್ಟೆಯ ಗಂಟು ಹೊತ್ತು ಆರುನೂರು ಮೀಟರ್ ಕೆಳಗಿನ ಹೊಳೆಗೆ ಇಳಿದರು. ಮನೆಯ ನಾಯಿಯೂ ಹೋಯಿತು. ಅಡುಗೆಯವಳು ಒಲೆ ಬಿಟ್ಟು ಹೋಗುವಂತಿಲ್ಲವಾದ್ದರಿಂದ ನಾನೊಬ್ಬಳೇ ಉಳಿದೆ.

12-20ಕ್ಕೆ ದೊಡ್ಡ ಸೌಟು ಹುಡುಕುತ್ತ ಗೂಡಿಗೆ ಕೈ ಹಾಕಿದೆ. ಕೈಗೆ ಮುಚ್ಚಿದ ಬಟ್ಟಲು ಸಿಕ್ಕಿತು.

ಜಗಳ ನೋಡುತ್ತ ನಿಂತು ನಾನು ಗಂಜಿ ಇಡುವುದನ್ನೇ ಮರೆತಿದ್ದೆ. ಮೂವತ್ತಾರು ವರ್ಷದಿಂದ ಸಾವಿನ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದೇನೆ. ಕುರಿ ಸೀದದ್ದುಂಟು, ಆಲೂಗಡ್ಡೆ ಸಾಲದೆ ಹೋದದ್ದುಂಟು. ಸತ್ತವರ ಬಟ್ಟಲು ಮರೆತದ್ದು ಇಲ್ಲವೇ ಇಲ್ಲ. ಮೂವತ್ತೊಂದು ಜನರಿಗೆ ಎರಡು ಕುರಿ ಬೇಯಿಸಿ, ಯಾರ ಹೆಸರಿನಲ್ಲಿ ಊಟವೋ ಅವಳನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದಂತಾಯಿತು. ಅದೂ ಡಾಮಿಯಾನಾಳನ್ನು. ಇದು ಊರಿಗೆ ಗೊತ್ತಾದರೆ ಇನ್ನು ನನ್ನನ್ನು ಯಾರೂ ಕರೆಯುವುದಿಲ್ಲ ಎಂದೂ ಯೋಚಿಸಿದೆ. ಎರಡೂ ಯೋಚನೆ ಬಂದವು. ಯಾವುದು ಮೊದಲು ಬಂತೋ ಹೇಳಲಾರೆ.

ಬೂದಿ ಹರಡಿದ ಮೇಲೆ ಒಳಗೆ ಕಾಲಿಡಬಾರದು. ಇಪ್ಪತ್ತು ನಿಮಿಷ ಬಟ್ಟಲು ಹಿಡಿದುಕೊಂಡು ಬಾಗಿಲ ಹೊರಗೆ ನಿಂತಿದ್ದೆ. ಸಮಯ 12-40ಕ್ಕೆ ಚಪ್ಪಲಿ ಬಿಟ್ಟೆ. ನಮ್ಮದು ಟೈರಿನ ಚಪ್ಪಲಿ, ಗೆರೆ ಮೂಡುತ್ತದೆ. ಹೊಸ್ತಿಲಿನಿಂದ ನೇರ ಎಡಗೋಡೆಯ ಕಟ್ಟೆ ಹತ್ತಿ, ಗೋಡೆ ಹಿಡಿದು ನಡೆದೆ. ಕಟ್ಟೆಯ ಮೇಲೆ ಬೂದಿ ಇರಲಿಲ್ಲ. ಆದರೆ ಕಟ್ಟೆ ಮೇಜಿನವರೆಗೆ ಹೋಗುವುದಿಲ್ಲ, ಒಂದೂವರೆ ಮೊಳ ಮೊದಲೇ ಮುಗಿಯುತ್ತದೆ. ಕೈ ಚಾಚಿದೆ, ಎಟುಕಲಿಲ್ಲ. ಆಗ ಬಲಗಾಲನ್ನು ಕೆಳಗಿಟ್ಟೆ. ಒಂದೇ ಒಂದು ಕಾಲು. ಬಟ್ಟಲನ್ನು ಟೊಪ್ಪಿಯ ಪಕ್ಕ ಇಟ್ಟು, ತಟ್ಟೆ ತೆಗೆದು, "ತಡವಾಯ್ತು ಕಣೇ, ಬೈಕೋಬೇಡ, ಕುಡಿ" ಎಂದು ಹೇಳಿ, ತಿರುಗಿ ಕಟ್ಟೆ ಹತ್ತಿದೆ. ತಿರುಗುವಾಗ ನನ್ನ ಲಂಗದ ಅಂಚು ನೆಲಕ್ಕೆ ಬಡಿಯಿತು. ನಾನು ಮೂರು ಲಂಗ ಉಡುತ್ತೇನೆ, ಮೂರೂ ಉಣ್ಣೆಯವು, ಘೇರು ದೊಡ್ಡದು.

ಬಾಗಿಲಿಗೆ ಬಂದು ಹಿಂತಿರುಗಿ ನೋಡಿದಾಗ ಕಂಡದ್ದು ಇದು. ಮೇಜಿನ ಎಡಕ್ಕೆ ನನ್ನ ಬಲಗಾಲಿನ ಗುರುತು, ಐದು ಬೆರಳೂ ಸ್ಪಷ್ಟವಾಗಿ, ಎಲುಟೇರಿಯೊನ ಹ್ಯಾಟಿನ ಕಡೆ ಮುಖ ಮಾಡಿ. ಮೇಜಿನ ಬಲಕ್ಕೆ, ಬೆನಿಲ್ಡಾಳ ಶಾಲಿನ ಮುಂದೆ, ಲಂಗ ಬೀಸಿದಷ್ಟು ಜಾಗ ಗುಡಿಸಿದ ಹಾಗೆ ನುಣ್ಣಗೆ.

ನಾನು ಕಾಲನ್ನು ಬೇಕೆಂದು ಆ ಕಡೆ ತಿರುಗಿಸಲಿಲ್ಲ. ಕಟ್ಟೆಯಿಂದ ಇಳಿದರೆ ಯಾರ ಕಾಲಾದರೂ ಹಾಗೆಯೇ ಬೀಳುತ್ತದೆ, ಬೇಕಾದರೆ ಬಂದು ಇಳಿದು ನೋಡಬಹುದು. ಆದರೆ ಗುರುತು ಹ್ಯಾಟಿನ ಕಡೆ ಇರುವುದನ್ನು ಕಂಡಾಗ ನನಗೆ ಒಳಗೊಳಗೇ ಸ್ವಲ್ಪ ಸಂತೋಷವಾಯಿತು. ಅವನು ನಾನು ಎತ್ತಿಕೊಂಡ ಮಗು. ಆ ಸಂತೋಷಕ್ಕೆ ಯಾವ ಕಲಮು ಹಾಕುತ್ತೀರೋ ಹಾಕಿ. ಅಳಿಸುವುದಾದರೆ ಇಡೀ ಕೋಣೆಗೆ ಮತ್ತೆ ಬೂದಿ ಹರಡಬೇಕಿತ್ತು. ಒಲೆಯಲ್ಲಿ ಬೂದಿ ಇತ್ತು, ಜರಡಿಯೂ ಇತ್ತು, ಎರಡು ಗಂಟೆಗೂ ಹೆಚ್ಚು ಸಮಯ ಇತ್ತು. ಹರಡಲಿಲ್ಲ. ಹೋಗಿ ಮೆಕ್ಕೆಜೋಳ ಕಲಕಿದೆ.

ಮಧ್ಯಾಹ್ನ 3-10ಕ್ಕೆ ಜನ ಬಂದರು. 3-30ಕ್ಕೆ ಮೆಲಿಟೋನ್ ಹೊಸ್ತಿಲಲ್ಲಿ ಮಂಡಿಯೂರಿ, ಕೈಯೂರಿ ಅಂಬೆಗಾಲಿನಲ್ಲಿ ಮುಂದೆ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿದ. "ಬಂದವ್ಳೆ" ಎಂದ. ಹೆಂಗಸರು ಅಳತೊಡಗಿದರು. "ಬಲಗಾಲು. ಹೆಬ್ಬೆಟ್ಟು ಒಳಕ್ಕೆ ಬಾಗಿದೆ. ಡಾಮಿಯಾನಾಳದೇ. ಮಗನ ಕಡೆ" ಎಂದ. ನಮ್ಮೂರಿನಲ್ಲಿ ಟೈರಿನ ಚಪ್ಪಲಿ ಹಾಕಿಕೊಂಡು ಮುದುಕಿಯಾದ ಎಲ್ಲರ ಹೆಬ್ಬೆಟ್ಟೂ ಒಳಕ್ಕೆ ಬಾಗಿರುತ್ತದೆ.

ಎಲುಟೇರಿಯೊ ಗೆದ್ದವನ ಹಾಗೆ ಕುಣಿಯಲಿಲ್ಲ. ಅಲ್ಲೇ ಹೊಸ್ತಿಲ ಪಕ್ಕ ಕುಸಿದು ಕುಳಿತು ಮುಖ ಮುಚ್ಚಿಕೊಂಡ. "ಕೋಪ ಮಾಡ್ಕೊಂಡು ಹೋಗಿಲ್ಲ. ಅವ್ವ ನನ್ ಮೇಲೆ ಕೋಪ ಮಾಡ್ಕೊಂಡು ಹೋಗಿಲ್ಲ" ಎಂದು ಅದೊಂದೇ ಮಾತು ಹೇಳುತ್ತ ಅತ್ತ. ಮೂವತ್ತೊಂಬತ್ತು ವರ್ಷದ ಗಂಡಸು ಹಾಗೆ ಅತ್ತದ್ದನ್ನು ನಾನು ಕಂಡಿಲ್ಲ. ನಿಜ ಹೇಳಲು ತೆರೆದ ಬಾಯಿ ಅದನ್ನು ನೋಡಿ ಮುಚ್ಚಿಕೊಂಡಿತು.

ಬೆನಿಲ್ಡಾ ಬಾಗಿಲಲ್ಲೇ ನಿಂತಿದ್ದಳು. ಒಗೆದ ಕಂಬಳಿ ಇನ್ನೂ ಹೆಗಲ ಮೇಲಿತ್ತು, ನೀರು ತೊಟ್ಟಿಕ್ಕುತ್ತಿತ್ತು.

"ತಾತ, ಈ ಕಡೆ? ನನ್ನ ಶಾಲಿನ ಕಡೆ ಏನೂ ಇಲ್ವಾ?"

"ಇಲ್ಲ ಮಗಳೇ. ಆ ಕಡೆ ಗುಡಿಸಿದ ಹಂಗದೆ. ತಲೆ ಹಾಕೂ ಮಲಗಿಲ್ಲ."

ಅವಳು ಶಾಲು ತೆಗೆದುಕೊಂಡು, ಬೂದಿ ಕೊಡವಿ, ಅಡುಗೆಮನೆಗೆ ಬಂದಳು. ಅಲ್ಲಿ ನಾವಿಬ್ಬರೇ ಇದ್ದೆವು. ಸಮಯ ಸುಮಾರು 3-45. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ನಡೆದ ತಪ್ಪು ಇದೊಂದೇ, ಮಿಕ್ಕದ್ದೆಲ್ಲ ಇದರ ಹಿಂದೆ ಬಂದದ್ದು. ಅವಳು ತಟ್ಟೆಗಳನ್ನು ಒರೆಸುತ್ತ, ನನ್ನ ಮುಖ ನೋಡದೆ ಹೇಳಿದಳು:

"ನಿಕಾಸಿಯವ್ವ, ಮೂರು ವರ್ಷ ದಿನಾ ಅವ್ವನ ಕಾಲು ತೊಳ್ದಿದ್ದೀನಿ. ನನ್ನ ಅಂಗೈಯೊಳಗೆ ಕೂರ್ತಿತ್ತು. ಅದು ಅಷ್ಟು ದೊಡ್ಡದಿರ್ಲಿಲ್ಲ."

ಮೂವತ್ತೊಂದು ಜನರಲ್ಲಿ ಸರಿಯಾದ ಮಾತು ಆಡಿದವಳು ಅವಳೊಬ್ಬಳೇ. ಆಡಿದ್ದು ನನ್ನ ಹತ್ತಿರ. ಬೇರೆ ಯಾರ ಹತ್ತಿರವೂ ಆಡಲಿಲ್ಲ. ನಾನು ಹೀಗೆ ಉತ್ತರ ಕೊಟ್ಟೆ:

"ಸತ್ತ ಮೇಲೆ ಕಾಲು ಊದುತ್ತೆ ಮಗಳೇ."

ಅವಳು ಕೈಯಲ್ಲಿದ್ದ ತಟ್ಟೆಯನ್ನು ಒರೆಸಿ ಇಟ್ಟು, "ಹಂಗಾದ್ರೆ ಅವ್ವನೇ" ಎಂದಳು. ನನ್ನ ಮಾತನ್ನು ನಂಬಿದಳು. ಅವಳು ನನ್ನನ್ನು ನಂಬದೆ ಇದ್ದದ್ದು ಯಾವತ್ತೂ ಇಲ್ಲ.

ಆಮೇಲೆ ಅವಳೇ ಸೌಟು ತೆಗೆದುಕೊಂಡಳು. ನಾನು ಬಡಿಸುತ್ತೇನೆ ಎಂದರೂ ಕೊಡಲಿಲ್ಲ. ಹಿರಿಯರಿಂದ ಶುರು ಮಾಡಿ, ಒಬ್ಬೊಬ್ಬರಿಗೂ ಬಟ್ಟಲು ತುಂಬ ಸಾರು, ಎರಡು ಆಲೂಗಡ್ಡೆ, ಒಂದು ತುಂಡು ಮಾಂಸ ಹಾಕಿದಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಮೆಲಿಟೋನನಿಗೆ ಆಲೂಗಡ್ಡೆಯನ್ನು ಅಂಚಿಗೆ ಸರಿಸಿ ಕೊಟ್ಟಳು. ಎಲುಟೇರಿಯೊ ಸಾಲಿನ ಕೊನೆಯಲ್ಲಿ, ಅಡುಗೆಮನೆಯ ಬಾಗಿಲ ಹತ್ತಿರ ಕುಳಿತಿದ್ದ. ಅವನ ಹತ್ತಿರ ಅವಳು ಬಂದಾಗ ಸಮಯ 4-25. ಆ ಹೊತ್ತಿಗೆ ಅವನು ನಾಲ್ಕು ಲೋಟ ಮೆಕ್ಕೆಜೋಳದ ಹೆಂಡ ಕುಡಿದು ಮೆತ್ತಗಾಗಿದ್ದ. ಒಳ್ಳೆಯ ಮಾತೆಂದುಕೊಂಡೇ ಅವನು ಹೇಳಿದ್ದು:

"ಅಕ್ಕ, ಕೂತ್ಕೊ. ಅವ್ವ ನಂಗೆ ಕೊಟ್ಲು ಅಂತ ನಾನೇನು ನಿನ್ನ ಹೊರಗೆ ಹಾಕ್ತೀನಾ? ಹೊಲ ನೀನೇ ಉತ್ಕೊ. ಬೆಳೇಲಿ ಅರ್ಧ ನಂಗೆ ಕೊಡು, ಅರ್ಧ ನೀನಿಟ್ಕೊ. ಹೊರಗಿನೋರಿಗೆ ಕೊಡೋ ಬದಲು ನಿಂಗೇ ಕೊಟ್ಟ ಹಾಗಾಯ್ತು."

ಹನ್ನೊಂದು ವರ್ಷ ಅವಳೇ ಉತ್ತ ಹೊಲಕ್ಕೆ ಅವಳನ್ನು ಗೇಣಿಯವಳನ್ನಾಗಿ ಮಾಡುತ್ತಿದ್ದೇನೆ ಎಂದು ಅವನಿಗೆ ಹೊಳೆಯಲಿಲ್ಲ. ಬೆನಿಲ್ಡಾ ಅವನ ಬಟ್ಟಲು ನೋಡಿದಳು. "ಸಾರು ಸಾಕಾ?" ಎಂದು ಕೇಳಿದಳು.

"ಇನ್ನೊಂಚೂರು ಹಾಕು."

ಅವಳು ಒಲೆಯ ಕಡೆ ತಿರುಗಿ, ಕುದಿಯುತ್ತಿದ್ದ ಸಣ್ಣ ಹಂಡೆಯನ್ನು ಎರಡೂ ಹಿಡಿ ಹಿಡಿದು ಎತ್ತಿ ತಂದು, ಅವನ ಬಲಗಾಲಿನ ಮೇಲೆ ಬಗ್ಗಿಸಿದಳು. ಮುಖಕ್ಕೆ ಎರಚಬಹುದಿತ್ತು, ಎರಚಲಿಲ್ಲ. ಕಾಲನ್ನೇ ನೋಡುತ್ತ ಸುರಿದಳು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಅವನು ಕೂಗಿದ್ದು ಹೊಳೆಯವರೆಗೂ ಕೇಳಿಸಿತಂತೆ. ಅವಳು ಖಾಲಿ ಹಂಡೆಯನ್ನು ನೆಲಕ್ಕೆ ಬೋರಲು ಹಾಕಿ, ಅದರ ಮೇಲೆ ಕುಳಿತಳು. ಪೊಲೀಸಿನವರು 6-30ಕ್ಕೆ ಬರುವವರೆಗೂ ಅಲ್ಲಿಂದ ಏಳಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅವಳು ಠಾಣೆಯಲ್ಲಿ ಒಂದು ಮಾತೂ ಆಡಿಲ್ಲ, ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ ಎಂದು ಅಧಿಕಾರಿಗಳೇ ನನಗೆ ತಿಳಿಸಿದರು.

ತಾರೀಕು 14ರಂದು ನಾನು ಮನೆಯಲ್ಲೇ ಮಲಗಿದ್ದೆ. 15ರಂದು ಬೆಳಿಗ್ಗೆ 9 ಗಂಟೆಗೆ ಡಾಮಿಯಾನಾಳ ಮನೆಗೆ ಹೋದೆ. ಗಲಾಟೆಯ ಮೇಲೆ ಯಾರೂ ಕೋಣೆ ಗುಡಿಸಿರಲಿಲ್ಲ. ಗುರುತು ಹಾಗೆಯೇ ಇತ್ತು. ಅದರ ಮೇಲೆ ನನ್ನ ಬಲಗಾಲನ್ನು ಮೆಲ್ಲಗೆ ಹಿಡಿದು ನೋಡಿದೆ. ಸರಿಹೋಯಿತು. ಮೇಜಿನ ಮೇಲಿನ ಬಟ್ಟಲು ತೆಗೆದುಕೊಂಡು, ಕೋಳಿಗಳು ಒಳಗೆ ಹೋಗದ ಹಾಗೆ ಬಾಗಿಲಿಗೆ ದಿಮ್ಮಿ ಅಡ್ಡ ಇಟ್ಟು ಬಂದಿದ್ದೇನೆ. ಠಾಣೆಯವರು ಬಂದು ಅಳತೆ ಮಾಡಿಕೊಳ್ಳಬಹುದು. ಅಧಿಕಾರಿಗಳು ಟೇಪಿನಿಂದ ಅಳೆದಾಗ ನನ್ನ ಪಾದ 24 ಸೆಂಟಿಮೀಟರ್ ಬಂತು. ಹೊಳೆಯಲ್ಲಿ ಒಗೆದು ಒಣಗಿಸಿದ್ದ ಡಾಮಿಯಾನಾಳ ಚಪ್ಪಲಿಯನ್ನು ಹಾಜರುಪಡಿಸಿದ್ದೇನೆ. ಅದು 21.

ಇನ್ನೊಂದು ವಿಷಯ. ಅದನ್ನು ಯಾರೂ ಕೇಳಿಲ್ಲ, ಆದರೂ ಬರೆಸುತ್ತೇನೆ. ನಾನು ಒಳಗೆ ಹೋದಾಗ ನನ್ನ ಕಣ್ಣು ಬಟ್ಟಲಿನ ಮೇಲೂ ಕಟ್ಟೆಯ ಮೇಲೂ ಇತ್ತು. ಬೆನಿಲ್ಡಾಳ ಶಾಲಿನ ಮುಂದಿನ ಬೂದಿಯ ಕಡೆ ನಾನು ನೋಡಲೇ ಇಲ್ಲ. ಜನ ಹೊಳೆಗೆ ಹೋಗಿ ಆಗಲೇ ಎರಡು ಗಂಟೆ ಕಳೆದಿತ್ತು. ಬರುವವಳು ಅಷ್ಟರಲ್ಲಿ ಬಂದಿರಬಹುದು. ಅಲ್ಲಿ ಏನಾದರೂ ಇತ್ತೋ, ಇರಲಿಲ್ಲವೋ, ನನ್ನ ಮೂರು ಲಂಗ ಅದನ್ನು ಒರೆಸಿಕೊಂಡು ಹೋದವು. ಹೊಲ ತಿರುಗಿ ಬರಬಹುದು. ಸುಟ್ಟ ಕಾಲು ಒಂದು ತಿಂಗಳಲ್ಲಿ ಮಾಯಬಹುದು. ಅದೊಂದನ್ನು ನಾನು ಬೆನಿಲ್ಡಾಳಿಗೆ ಎಲ್ಲಿಂದ ತಂದುಕೊಡಲಿ? ತಾಯಿ ತನ್ನ ಕಡೆ ತಲೆ ಹಾಕದೆ ಹೋದಳು ಎಂದುಕೊಂಡು ಅವಳು ಮೂರು ದಿನದಿಂದ ಕುಳಿತಿದ್ದಾಳೆ. ನನಗೆ ಬಹಳ ದುಃಖವಾಗಿದೆ. ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಇಲ್ಲಿಂದ ನಾನು ಆರೋಗ್ಯ ಕೇಂದ್ರಕ್ಕೆ ಹೋಗಿ ಎಲುಟೇರಿಯೊನಿಗೂ ಹೇಳುತ್ತೇನೆ. ಅವ್ವ ಕೋಪ ಮಾಡಿಕೊಂಡು ಹೋಗಿಲ್ಲ ಎಂದು ಅವನು ನಂಬಿ ಅತ್ತದ್ದು ನನ್ನ ಕಾಲಿನ ಮುಂದೆ ಎಂದು ಹೇಳಬೇಕು. ಅದು ಇದಕ್ಕಿಂತ ಕಷ್ಟ. ಹೊಲದ ವಿಚಾರದಲ್ಲಿ ಬೂದಿ ಏನನ್ನೂ ಹೇಳಿಲ್ಲವೆಂದು ನಾಳೆ ಗ್ರಾಮಸಭೆಯಲ್ಲಿಯೂ ಎದ್ದು ನಿಂತು ಹೇಳುತ್ತೇನೆ. ಆಮೇಲೆ ನನ್ನನ್ನು ಸಾವಿನ ಮನೆಗೆ ಕರೆಯುವುದು ಬಿಡುವುದು ಅವರಿಗೆ ಬಿಟ್ಟದ್ದು. ಬೆನಿಲ್ಡಾ ಸಾರು ಸುರಿದದ್ದು ತಪ್ಪಲ್ಲ ಎಂದು ನಾನು ಹೇಳುತ್ತಿಲ್ಲ. ಹಂಡೆ ಎತ್ತಿಸಿದವಳು ನಾನು ಎಂದು ಹೇಳುತ್ತಿದ್ದೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳುವುದು ನಿಯಮ ಎಂದು ಅಧಿಕಾರಿಗಳು ತಿಳಿಸಿದರು. ಹಾಗಾದರೆ ಗಟ್ಟಿಯಾಗಿ ಓದಿ ಎಂದು ಕೇಳಿಕೊಂಡೆ. ಬೆನಿಲ್ಡಾಳನ್ನು ಇಟ್ಟಿರುವ ಹಿಂದಿನ ಕೋಣೆಗೂ ನಾವು ಕುಳಿತಿರುವ ಜಾಗಕ್ಕೂ ಆರು ಹೆಜ್ಜೆ, ನಡುವೆ ಹಲಗೆಯ ಬಾಗಿಲು. ಅಧಿಕಾರಿಗಳು ನನ್ನ ಮುಖ ನೋಡಿ, ಎದ್ದು ನಿಂತು, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಬರೆದದ್ದೆಲ್ಲ ನಾನು ಹೇಳಿದ ಹಾಗೆಯೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಓದಿ ಮುಗಿದ ಮೇಲೆ ನಡೆದದ್ದನ್ನೂ ಸೇರಿಸಿ ಬರೆಯುವಂತೆ ಕೇಳಿಕೊಂಡಿದ್ದೇನೆ. ಹಿಂದಿನ ಕೋಣೆಯಲ್ಲಿ ಬಾಗಿಲ ಹತ್ತಿರಕ್ಕೆ ಹೆಜ್ಜೆಯ ಸದ್ದು ಬಂತು. ಆಮೇಲೆ ಬೆನಿಲ್ಡಾ ಬಾಗಿಲ ಹಿಂದಿನಿಂದ ಒಂದು ಮಾತು ಕೇಳಿದಳು. ಹೊಲದ ವಿಷಯ ಅಲ್ಲ, ಕಾಲಿನ ವಿಷಯವೂ ಅಲ್ಲ.

"ನಿಕಾಸಿಯವ್ವ, ಅವ್ವ ಗಂಜಿ ಕುಡಿದ್ಲಾ?"

ಬಟ್ಟಲು ತೆಗೆಯುವಾಗ ಗಂಜಿ ಒಂದು ಬೆರಳಿನಷ್ಟು ಇಳಿದಿತ್ತು, ಒಣಗಿದರೂ ಅಷ್ಟು ಇಳಿಯುತ್ತದೆ, ಕುಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ ಮಗಳೇ ಎಂದು ಹೇಳಿದೆ. ಈ ಸಲ ಅವಳಿಗೆ ನಿಜವನ್ನೇ ಹೇಳಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ತಾರೀಕು: 16-03-2019, ಸಮಯ ಬೆಳಿಗ್ಗೆ 10-35

ನಿಕಾಸಿಯಾ ಪೌಕಾರ್ ಇವರ ಎಡಗೈ ಹೆಬ್ಬೆಟ್ಟಿನ ಗುರುತು.

ಅದರ ಕೆಳಗೆ, ಹೇಳಿಕೆದಾರರು ತಾವೇ ಕೇಳಿಕೊಂಡ ಮೇರೆಗೆ ಶಾಯಿ ಹಚ್ಚಿ ತೆಗೆದುಕೊಂಡ, ಅವರ ಬಲಗಾಲಿನ ಗುರುತು.